ಸರ್ವರ್ ಲಾಗ್ ಮತ್ತು ಜಾಲತಾಣ ಭೇಟಿಗಳ ಎಣಿಕೆ

ಸರ್ವರ್ ಲಾಗ್ ಎಂಬುದು ಜಾಲತಾಣವನ್ನು ಒದಗಿಸುವ ಗಣಕವು (ಸರ್ವರ್) ತನಗೆ ಬಂದ ಪ್ರತಿ ಕೋರಿಕೆಯನ್ನೂ ಒಂದೊಂದು ಸಾಲಿನಲ್ಲಿ ದಾಖಲಿಸುವ ಕಡತ. ಜಾಲತಾಣದ ಬಳಕೆಯನ್ನು ಅಳೆಯುವ ಅತ್ಯಂತ ಹಳೆಯ ವಿಧಾನಗಳಲ್ಲಿ ಇದೂ ಒಂದು. ಇದರಲ್ಲಿ ನೇರವಾಗಿ ಸಿಗುವುದು ಕೋರಿಕೆಗಳ ಸಂಖ್ಯೆ. ಓದುಗರ ಸಂಖ್ಯೆಯನ್ನು ಅದರಿಂದ ಅಂದಾಜು ಮಾಡಬೇಕಾಗುತ್ತದೆ.

ಸಾಲಿನ ರಚನೆ

ವ್ಯಾಪಕವಾಗಿ ಬಳಕೆಯಲ್ಲಿರುವ 'ಕಾಮನ್ ಲಾಗ್ ಫಾರ್ಮ್ಯಾಟ್' ಮಾದರಿಯಲ್ಲಿ ಕೋರಿದವರ ಐಪಿ ವಿಳಾಸ, ದಿನಾಂಕ ಮತ್ತು ಸಮಯ, ಕೋರಿದ ಪುಟ, ಸ್ಥಿತಿ ಸಂಕೇತ, ಕಳುಹಿಸಿದ ಬೈಟ್‌ಗಳ ಸಂಖ್ಯೆ ಇರುತ್ತವೆ. ಪುಟ ದೊರೆತರೆ ಸಂಕೇತ 200, ಇಲ್ಲವಾದರೆ 404. ಇದರ ವಿಸ್ತೃತ ರೂಪದಲ್ಲಿ ಓದುಗರು ಯಾವ ಪುಟದಿಂದ ಬಂದರು, ಯಾವ ಬ್ರೌಸರ್ ಬಳಸಿದರು ಎಂಬುದೂ ಸೇರುತ್ತದೆ.

ಕನ್ನಡ ಶೀರ್ಷಿಕೆಗಳು

ಕನ್ನಡ ಶೀರ್ಷಿಕೆಯುಳ್ಳ ಪುಟದ ವಿಳಾಸ ಲಾಗ್‌ನಲ್ಲಿ ಓದಲು ಬರುವಂತಿರುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು ಕೇಂದ್ರವಾದ 'ಸುಳ್ಯ'ದ ಹೆಸರನ್ನೇ ನೋಡಬಹುದು. ಕಣ್ಣಿಗೆ ಎರಡೇ ಅಕ್ಷರಗಳಾಗಿ ಕಾಣುವ ಈ ಪದದಲ್ಲಿ ಸ, ಉಕಾರದ ಚಿಹ್ನೆ, ಳ, ವಿರಾಮ, ಯ ಎಂಬ 5 ಯುನಿಕೋಡ್ ಸಂಕೇತಗಳಿವೆ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಿಂದ ಬರೆಯುವುದರಿಂದ, ಲಾಗ್‌ನಲ್ಲಿ 'ಸುಳ್ಯ' 45 ಚಿಹ್ನೆಗಳ ಸಾಲಾಗುತ್ತದೆ. ವಿಶ್ಲೇಷಣೆಯ ತಂತ್ರಾಂಶವು ಇದನ್ನು ಮರಳಿ ಕನ್ನಡಕ್ಕೆ ಪರಿವರ್ತಿಸದಿದ್ದರೆ ವರದಿ ನಿರುಪಯುಕ್ತ. 'ರಾಜ್‌ಕುಮಾರ್' ಎಂಬಲ್ಲಿ ಅರ್ಧಾಕ್ಷರವನ್ನು ಬಿಡಿಸುವ ಅಗೋಚರ ಸಂಕೇತ ಇದ್ದರೆ ಒಂದು ವಿಳಾಸ, ಇಲ್ಲದಿದ್ದರೆ ಇನ್ನೊಂದು. ಒಂದೇ ವಿಷಯದ ಎಣಿಕೆ ಹೀಗೆ ಎರಡು ಕಡೆ ಹಂಚಿಹೋಗಬಹುದು.

ಎಣಿಕೆಯ ತೊಡಕುಗಳು

ಹತ್ತು ಚಿತ್ರಗಳಿರುವ ಒಂದು ಪುಟ ತೆರೆದರೆ ಲಾಗ್‌ನಲ್ಲಿ ಕನಿಷ್ಠ ಹನ್ನೊಂದು ಸಾಲು ಬೀಳಬಹುದು. ಇಂತಹ 'ಹಿಟ್'ಗಳನ್ನೇ ಜನಪ್ರಿಯತೆಯೆಂದು ಹೇಳಿಕೊಳ್ಳುವ ರೂಢಿ 1990ರ ದಶಕದಲ್ಲಿತ್ತು. ಅನಲಾಗ್ (1995), ವೆಬಲೈಸರ್ (1997) ಮುಂತಾದ ತಂತ್ರಾಂಶಗಳು ಪುಟ ವೀಕ್ಷಣೆಗಳನ್ನು ಪ್ರತ್ಯೇಕಿಸಿ ತೋರಿಸಿದವು.

ಐಪಿ ವಿಳಾಸವೂ ವ್ಯಕ್ತಿಯನ್ನು ಸೂಚಿಸುವುದಿಲ್ಲ. ಸುಳ್ಯದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೂವತ್ತು ವಿದ್ಯಾರ್ಥಿಗಳು ಒಂದೇ ಸಂಪರ್ಕದಿಂದ ಓದಿದರೆ ಲಾಗ್‌ನಲ್ಲಿ ಕಾಣುವುದು ಒಂದೇ ವಿಳಾಸ. ಮೊಬೈಲ್ ಜಾಲಗಳಲ್ಲಿಯೂ ಅನೇಕ ಚಂದಾದಾರರು ಒಂದು ವಿಳಾಸವನ್ನು ಹಂಚಿಕೊಳ್ಳುತ್ತಾರೆ. ವಿಳಾಸದಿಂದ ಊರನ್ನು ಊಹಿಸುವ ಕೋಷ್ಟಕಗಳು ಸುಳ್ಯದ ಓದುಗರನ್ನು ಮಂಗಳೂರಿನ ಅಥವಾ ಬೆಂಗಳೂರಿನ ಲೆಕ್ಕಕ್ಕೆ ಸೇರಿಸುವ ಸಾಧ್ಯತೆಯಿದೆ. ಬ್ರೌಸರ್ ತಾನೇ ಉಳಿಸಿಕೊಂಡ ಪ್ರತಿಯನ್ನು ತೋರಿಸಿದಾಗ ಸರ್ವರ್‌ಗೆ ಸುದ್ದಿಯೇ ತಲುಪುವುದಿಲ್ಲ.

ಬಾಟ್‌ಗಳು

ಹುಡುಕು ಯಂತ್ರಗಳ ಸ್ವಯಂಚಾಲಿತ ತಂತ್ರಾಂಶಗಳಾದ ಬಾಟ್‌ಗಳು ಓದುಗರಂತೆಯೇ ಪುಟಗಳನ್ನು ಕೋರುತ್ತವೆ. ದಿನಕ್ಕೆ ಸಾವಿರಾರು ಓದುಗರಿರುವ ಪುಟದಲ್ಲಿ ಇದು ಗೌಣ. ನಾಲ್ಕೈದು ಮಂದಿ ಓದುವ ಕನ್ನಡ ಅಥವಾ ತುಳು ಲೇಖನದಲ್ಲಿ ಬಾಟ್‌ಗಳೇ ಬಹುಮತವಾಗಿರಬಹುದು. ಸಣ್ಣ ಭಾಷೆಗಳ ಜಾಲತಾಣಗಳಿಗೆ ಈ ದೋಷವೇ ಎಲ್ಲಕ್ಕಿಂತ ಗಂಭೀರವಾದುದು. ಕನ್ನಡ ವಿಕಿಪೀಡಿಯ (2003) ಮತ್ತು ತುಳು ವಿಕಿಪೀಡಿಯ (2016) ಸೇರಿದಂತೆ ವಿಕಿಮೀಡಿಯ ತಾಣಗಳ ಪುಟ ವೀಕ್ಷಣೆಯನ್ನು ಸರ್ವರ್‌ಗೆ ಬಂದ ಕೋರಿಕೆಗಳಿಂದಲೇ ಎಣಿಸಲಾಗುತ್ತದೆ. 2015ರಲ್ಲಿ ಜಾರಿಗೆ ಬಂದ ಹೊಸ ವ್ಯಾಖ್ಯೆಯು ತಮ್ಮ ಹೆಸರು ಹೇಳಿಕೊಳ್ಳುವ ಬಾಟ್‌ಗಳನ್ನು ಓದುಗರಿಂದ ಬೇರ್ಪಡಿಸಿತು. ಹೆಸರು ಮರೆಮಾಚುವವುಗಳಿಗಾಗಿ 2020ರಲ್ಲಿ ಇನ್ನೊಂದು ವರ್ಗ ಸೇರಿತು. ಆದ್ದರಿಂದ ಆ ವರ್ಷಗಳ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.

ಸಂಗ್ರಹದ ಅವಧಿ

ಭಾರತದ ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾತರು ಹಾಗೂ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು.