ಮರದ ನೆಲೆಯೂ ನೆಲದ ನಿಯಮವೂ

ಕೊಡಲಿಯನ್ನು ಎತ್ತದೆ ಯಾವ ಊರೂ ಹುಟ್ಟಿದುದಿಲ್ಲ. ಮನೆಗೆ ನಿವೇಶನ ಬೇಕು, ಬೀದಿಗೆ ಹಾದಿ ಬೇಕು, ಬೆಳೆಗೆ ಬಯಲು ಬೇಕು. ಇವೆಲ್ಲಕ್ಕೂ ಮೊದಲು ನೆಲವನ್ನು ತೆರವುಮಾಡಬೇಕು. ಆದರೆ ತೆರವಾದ ನೆಲವು ಮಳೆಗಾಲದಲ್ಲಿ ತನ್ನ ಮಣ್ಣನ್ನು ತಾನೇ ಹಿಡಿದುಕೊಳ್ಳಲಾರದು. ಆದುದರಿಂದ ನೆಲವನ್ನು ಬಳಸುವ ಹಕ್ಕನ್ನೂ ಮರವನ್ನು ಉಳಿಸುವ ಹೊಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸವು ಆಳುವವರ ಪಾಲಿಗೆ ಬಹು ಹಿಂದಿನಿಂದಲೂ ಬಂದಿರುತ್ತದೆ. ಆ ಕೆಲಸವನ್ನು ಬೇರೆ ಬೇರೆ ಕಾಲದವರು ಹೇಗೆ ನಡೆಸಿದರೆಂಬುದು ವಿಚಾರಾರ್ಹವಾದ ಸಂಗತಿ.

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪ್ರಾಚೀನ ವಿಧಿಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ. ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿದ ಕೀರ್ತಿಯು ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ ಸಲ್ಲುತ್ತದೆ. ಅದರ ಮೂರನೆಯ ಅಧಿಕರಣದಲ್ಲಿ ದಂಡಪಾರುಷ್ಯವೆಂಬ ಪ್ರಕರಣವಿದೆ. ಮನುಷ್ಯನನ್ನು ಹೊಡೆದವನಿಗೂ ಪಶುವನ್ನು ನೋಯಿಸಿದವನಿಗೂ ಶಿಕ್ಷೆಯನ್ನು ವಿಧಿಸುವ ಆ ಪ್ರಕರಣದಲ್ಲಿಯೇ ನಗರೋದ್ಯಾನದ ಮರವನ್ನು ಕಡಿದವನ ಶಿಕ್ಷೆಯೂ ಸೇರಿರುವುದನ್ನು ವಾಚಕರು ಗಮನಿಸಬೇಕು. ಮರಕ್ಕೂ ಮೈಯುಂಟು, ಅದಕ್ಕೂ ಗಾಯವುಂಟು ಎಂಬ ಭಾವನೆಯು ಈ ಜೋಡಣೆಯಲ್ಲಿಯೇ ಅಡಗಿದೆ.

ಹೂವು, ಹಣ್ಣು, ನೆರಳುಗಳನ್ನು ಕೊಡುವ ನಗರವೃಕ್ಷದ ಚಿಗುರನ್ನು ಕತ್ತರಿಸಿದರೆ 6 ಪಣ, ಸಣ್ಣ ಕೊಂಬೆಯನ್ನು ಕಡಿದರೆ 12 ಪಣ, ದಪ್ಪ ಕೊಂಬೆಯನ್ನು ಕಡಿದರೆ 24 ಪಣ ದಂಡ. ಕಾಂಡವನ್ನೇ ಕಡಿದರೆ ಪೂರ್ವಸಾಹಸದಂಡ, ಅಂದರೆ 48ರಿಂದ 96 ಪಣಗಳವರೆಗೆ. ಬುಡಸಹಿತ ಕಿತ್ತರೆ ಮಧ್ಯಮಸಾಹಸದಂಡ. ಅದು 200ರಿಂದ 500 ಪಣಗಳವರೆಗೆ ಏರುತ್ತದೆ. ಕಾಂಡವು ಹೋದರೂ ಬೇರು ಉಳಿದರೆ ಮರವು ಮತ್ತೆ ಚಿಗುರಬಹುದು, ಮಣ್ಣೂ ನಿಲ್ಲಬಹುದು. ಬೇರೇ ಹೋದರೆ ಎರಡೂ ಇಲ್ಲ. ದಂಡವು ಕಾಂಡದಿಂದ ಬುಡಕ್ಕೆ ಬರುವಾಗ ಒಮ್ಮೆಲೇ ಹಲವು ಪಟ್ಟು ಬೆಳೆದಿರುವುದು ಈ ಅನುಭವಕ್ಕೆ ಒಪ್ಪುತ್ತದೆ. ಇನ್ನೂ ಒಂದು ವಿಶೇಷವುಂಟು. ಎಲ್ಲೆಯನ್ನು ತೋರುವ ಮರ, ಚೈತ್ಯದ ಮರ, ರಾಜವನದ ಮರ ಇವುಗಳ ವಿಷಯದಲ್ಲಿ ದಂಡವು ಇಮ್ಮಡಿಯಾಗುತ್ತದೆ. ಅಂದರೆ ಶಾಸ್ತ್ರಕಾರನು ಮರವು ಯಾವುದು, ಗಾಯವು ಎಷ್ಟು ಎಂದು ಕೇಳಿ ಸುಮ್ಮನಾಗಲಿಲ್ಲ. ಮರವು ಎಲ್ಲಿ ನಿಂತಿದೆ ಎಂದೂ ಕೇಳಿದನು.

ಕೌಟಿಲ್ಯನ ವಿಧಿಯು ಊರೊಳಗಿನ ಮರದ್ದಾಯಿತು. ಬೆಟ್ಟದ ಇಳಿಜಾರಿನಲ್ಲಿ ನೆಲವನ್ನು ತೆರವುಮಾಡುವ ಪ್ರಶ್ನೆಯು ಕನ್ನಡ ನಾಡಿನಲ್ಲಿ ತೀವ್ರವಾಗಿ ಎದ್ದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಕನ್ನಡ ಜಿಲ್ಲೆಯ ಘಟ್ಟಗಳಲ್ಲಿಯೂ ಮಲೆನಾಡಿನಲ್ಲಿಯೂ ಕುಮರಿ ಬೇಸಾಯವು ಹಿಂದಿನಿಂದ ನಡೆದುಬಂದಿತ್ತು. ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯ ಮೇಲೆ ರಾಗಿ ಮೊದಲಾದುವನ್ನು ಬಿತ್ತಿ, ಒಂದೆರಡು ವರ್ಷ ಬೆಳೆ ತೆಗೆದು ಬೇರೆಡೆಗೆ ಹೋಗುವುದೇ ಇದರ ಕ್ರಮ. 1847ರ ಸುಮಾರಿಗೆ ಶಿವಮೊಗ್ಗೆಯ ಕಡೆ ವೈದ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗಾರ್ನನು ಇದನ್ನು ಕಂಡು, ಕಾಡಿನ ನಾಶದಿಂದ ನೆಲಜಲಗಳಿಗೆ ಒದಗುವ ಹಾನಿಯನ್ನು ಕುರಿತು ಬರೆಯತೊಡಗಿದನು. 1851ರಲ್ಲಿ ಇಂಗ್ಲೆಂಡಿನ ವಿಜ್ಞಾನಪರಿಷತ್ತಿಗೆ ಅವನೂ ಇತರ ವಿದ್ವಾಂಸರೂ ಉಷ್ಣವಲಯದ ಅರಣ್ಯನಾಶದ ಪರಿಣಾಮವನ್ನು ಕುರಿತು ವರದಿಯನ್ನೊಪ್ಪಿಸಿದರು. 1856ರಲ್ಲಿ ಅವನು ಮದರಾಸು ಪ್ರಾಂತದ ಅರಣ್ಯಸಂರಕ್ಷಕನಾದನು. 1860ರಲ್ಲಿ ಆ ಸರಕಾರವು ತನ್ನ ಕಾಡುಗಳಲ್ಲಿ ಮುಂಚಿತವಾಗಿ ಅನುಮತಿಯನ್ನು ಪಡೆಯದೆ ಕುಮರಿ ಮಾಡಕೂಡದೆಂದು ಕಟ್ಟುಮಾಡಿತು.

ಇಲ್ಲಿ ನಿಯಮದ ಸ್ವರೂಪವೇ ಬದಲಾಯಿತು. ಕಡಿದ ಮೇಲೆ ದಂಡ ತೆರುವುದು ಹಳೆಯ ಪದ್ಧತಿ. ಕಡಿಯುವ ಮೊದಲು ಅಪ್ಪಣೆ ಕೇಳುವುದು ಹೊಸದು. ಮರದ ದೃಷ್ಟಿಯಿಂದ ಎರಡನೆಯದು ಮೇಲೆಂಬುದರಲ್ಲಿ ಸಂದೇಹವಿಲ್ಲ, ಏಕೆಂದರೆ ದಂಡದ ಹಣವು ಮರವನ್ನು ಮರಳಿ ನಿಲ್ಲಿಸಲಾರದು. ಆದರೆ ಈ ಕಟ್ಟಳೆಯ ಭಾರವು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಕುಮರಿಯನ್ನೇ ನಂಬಿದ್ದ ಗುಡ್ಡಗಾಡಿನ ಬಡವರು ಜೀವನೋಪಾಯವನ್ನು ಕಳೆದುಕೊಂಡರು. ಅದೇ ದಶಕಗಳಲ್ಲಿ ಕೊಡಗಿನಲ್ಲಿಯೂ ಚಿಕ್ಕಮಗಳೂರಿನ ಬೆಟ್ಟಗಳಲ್ಲಿಯೂ ಕಾಫಿ ತೋಟಗಳಿಗಾಗಿ ವಿಸ್ತಾರವಾದ ಕಾಡು ನೆಲಕ್ಕುರುಳಿತು. ಬಡವನ ಕೊಡಲಿಯು ಅಪರಾಧವಾಗಿ ಸಿರಿವಂತನ ಕೊಡಲಿಯು ಉದ್ಯಮವಾದರೆ, ಅಂಥ ನಿಯಮವನ್ನು ಜನರು ಮನಸಾರೆ ತಮ್ಮದೆಂದು ಎಣಿಸುವುದು ಹೇಗೆ?

ತೋಟದವರಿಗೆ ಪಾಠ ಹೇಳಿದುದು ಒಂದು ಹುಳು. 1860ರ ದಶಕದಲ್ಲಿ ಕಾಂಡಕೊರಕವು ಕೊಡಗು, ಮೈಸೂರು, ವೈನಾಡುಗಳ ಕಾಫಿಗಿಡಗಳನ್ನು ಹಾಳುಮಾಡಿತು. ಇದನ್ನು ವಿಚಾರಿಸಿದ ಡಾಕ್ಟರ್ ಜಾರ್ಜ್ ಬಿಡಿಯು 1869ರ ತನ್ನ ವರದಿಯಲ್ಲಿ, ನೆರಳಿನ ಮರಗಳನ್ನು ತೆಗೆದುಹಾಕಿದುದೇ ಹಾವಳಿಯ ಮುಖ್ಯ ಕಾರಣಗಳಲ್ಲೊಂದೆಂದು ತೋರಿಸಿ, ನೆರಳನ್ನು ಉಳಿಸಬೇಕೆಂದು ಸಲಹೆಯಿತ್ತನು. ಈ ನಾಡಿನ ಕಾಫಿಯು ಇಂದಿಗೂ ಮರದ ನೆರಳಿನಲ್ಲಿ ಬೆಳೆಯುತ್ತಿರುವುದು ಆ ಕಾಲದ ನಷ್ಟದಿಂದ ಕಲಿತ ವಿವೇಕ. ಎಲೆಯುದುರಿ ಗೊಬ್ಬರವಾಗುತ್ತದೆ, ಮಳೆಹನಿಯ ಪೆಟ್ಟು ತಗ್ಗುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ.

ಸ್ವಾತಂತ್ರ್ಯಾನಂತರ ಈ ಎರಡು ಧಾರೆಗಳೂ ಊರಿನ ಆಡಳಿತದೊಳಗೆ ಬಂದು ಕೂಡಿದುವು. 1976ರ ಕರ್ನಾಟಕ ವೃಕ್ಷಸಂರಕ್ಷಣಾ ಅಧಿನಿಯಮವು ನಗರಪ್ರದೇಶಗಳಿಗೆ ವೃಕ್ಷಪ್ರಾಧಿಕಾರವನ್ನೂ ವೃಕ್ಷಾಧಿಕಾರಿಯನ್ನೂ ಏರ್ಪಡಿಸಿತು. ತನ್ನ ಸ್ವಂತ ನಿವೇಶನದ ಮರವನ್ನು ಕಡಿಯುವವನೂ ಅಧಿಕಾರಿಯ ಅಪ್ಪಣೆಯನ್ನು ಪಡೆಯಬೇಕು. ಮರವು ಒಣಗಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಪ್ರಾಣಕ್ಕೋ ಸ್ವತ್ತಿಗೋ ಅಪಾಯವನ್ನು ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅಪ್ಪಣೆಯನ್ನು ನಿರಾಕರಿಸುವಂತಿಲ್ಲ. ಕಡಿದವನು ಅಲ್ಲಿಯೋ ಬೇರೆ ಯೋಗ್ಯಸ್ಥಳದಲ್ಲಿಯೋ ಸಸಿಯನ್ನು ನೆಡಬೇಕೆಂಬ ಕರಾರನ್ನು ಹಾಕಬಹುದು. ರಸ್ತೆ ಮೊದಲಾದ ಸಾರ್ವಜನಿಕ ಕಾರ್ಯಕ್ಕಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಪ್ರಕಟಣೆಯನ್ನು ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕೆಂಬ ವಿಧಿಯೂ ಮುಂದೆ ಸೇರಿತು. ಬಡವನು ಕೇಳಬೇಕಾದ ಅಪ್ಪಣೆಯನ್ನು ಸರಕಾರವೂ ಕೇಳಬೇಕಾಗಿ ಬಂದುದು ನ್ಯಾಯದ ಒಂದು ಹೆಜ್ಜೆಯೇ ಸರಿ.

ಈ ಅಧಿನಿಯಮದಲ್ಲಿ ಸುಲಭವಾಗಿ ಕಣ್ತಪ್ಪಿಹೋಗುವ ಒಂದು ಚಿಕ್ಕ ಮಾತಿದೆ. ಬಲಿತು ಕಡಿಯಲು ತಕ್ಕುದಾದ ಮರಕ್ಕೂ ಅಪ್ಪಣೆಯನ್ನು ಕೊಡಬಹುದು, ಆದರೆ ಅದು ಕಡಿದಾದ ಇಳಿಜಾರಿನಲ್ಲಿ ಇರಕೂಡದು ಎಂಬುದೇ ಆ ಮಾತು. ಬಯಲಿನಲ್ಲಿ ಬಲಿತ ಮರವು ದಿಮ್ಮಿ. ಇಳಿಜಾರಿನಲ್ಲಿ ಬಲಿತ ಮರವು ನೆಲದ ಕೀಲು. ಎಲ್ಲೆಯ ಮರಕ್ಕೆ ಇಮ್ಮಡಿ ದಂಡವನ್ನು ವಿಧಿಸಿದ ಕೌಟಿಲ್ಯನ ಬುದ್ಧಿಯೂ ಈ ಮಾತಿನ ಹಿಂದಿನ ಬುದ್ಧಿಯೂ ಒಂದೇ ಜಾತಿಯವು.

ಆ ಮಾತನ್ನು ಮರೆತರೆ ಏನಾಗುವುದೆಂಬುದನ್ನು 2018ರ ಆಗಸ್ಟ್ ತಿಂಗಳಲ್ಲಿ ಕೊಡಗು ಕಂಡಿತು. ಮಡಿಕೇರಿಯ ಸುತ್ತಲಿನ ಬೆಟ್ಟಗಳು ಅತಿವೃಷ್ಟಿಗೆ ಸಿಕ್ಕಿ ಕುಸಿದುವು. ಜೀವಹಾನಿಯಾಯಿತು, ಮನೆಗಳೂ ತೋಟಗಳೂ ಮಣ್ಣಿನಡಿ ಸೇರಿದುವು. ಮಳೆಯ ಜೊತೆಗೆ, ಕಟ್ಟಡಗಳಿಗೂ ರಸ್ತೆಗಳಿಗೂ ಇಳಿಜಾರನ್ನು ಕೊರೆದು ಗೋಡೆಯಂತೆ ನಿಲ್ಲಿಸಿದ್ದುದೂ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು. ಒಂದು ಮರಕ್ಕೆ ಬದಲಾಗಿ ಬಯಲಿನಲ್ಲಿ ಎರಡು ಸಸಿಗಳನ್ನು ನೆಟ್ಟರೆ ಲೆಕ್ಕದ ಪುಸ್ತಕವು ಸರಿಹೋಗಬಹುದು. ಬೆಟ್ಟದಲ್ಲಿ ಸಡಿಲಾದ ಮಣ್ಣಿಗೆ ಆ ಸಸಿಗಳಿಂದ ಯಾವ ಆಸರೆಯೂ ಇಲ್ಲ.

ಆದಕಾರಣ ನಿವೇಶನಕ್ಕೆ ಅನುಮತಿಯನ್ನು ಕೊಡುವವರು ಮರಗಳ ಸಂಖ್ಯೆಯನ್ನು ಎಣಿಸುವುದರ ಜೊತೆಗೆ ಸ್ಥಳಕ್ಕೆ ಹೋಗಿ ನಿಂತು, ನೀರು ಯಾವ ಕಡೆ ಹರಿಯುವುದು, ಬೇರು ಯಾವ ಮಣ್ಣನ್ನು ಹಿಡಿದಿದೆ, ಕೆಳಗೆ ಯಾರ ಮನೆಯಿದೆ ಎಂಬುದನ್ನು ನೋಡುವುದು ಅವಶ್ಯ. ನೆಲದ ಒಡೆಯನೂ ಕೊಡಲಿಯನ್ನು ಕೈಗೆತ್ತಿಕೊಳ್ಳುವ ಮೊದಲು ಇದನ್ನೇ ನೋಡಬೇಕು. ಮರವು ಅವನದಾಗಿರಬಹುದು, ಅದು ತಡೆದು ನಿಲ್ಲಿಸಿರುವ ಮಣ್ಣಿನ ಕೆಳಗೆ ಬಾಳುವವರು ನೆರೆಯವರು.