ಮೈ ನೀವುವ ಕೈ: ಬಚ್ಚಲುಮನೆಯಿಂದ ಪ್ರಯೋಗಾಲಯಕ್ಕೆ

ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಆದಷ್ಟು ಮುಟ್ಟದೆ ಇರುವುದೇ ಒಳ್ಳೆಯದು ಎಂದು ದೊಡ್ಡ ಆಸ್ಪತ್ರೆಗಳು ನಂಬಿದ್ದ ಕಾಲವಿತ್ತು. 1986ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮನಶ್ಶಾಸ್ತ್ರಜ್ಞೆ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಅಧ್ಯಯನದಲ್ಲಿದ್ದದ್ದು 40 ಶಿಶುಗಳು. ಅವುಗಳಲ್ಲಿ ಅರ್ಧದಷ್ಟು ಶಿಶುಗಳ ಮೈಯನ್ನು ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ 10 ದಿನ ನೀವಿ, ಕೈಕಾಲುಗಳನ್ನು ಮೆಲ್ಲಗೆ ಮಡಿಸಿ ಚಾಚಿಸಿದರು. ಎರಡೂ ಗುಂಪಿಗೆ ಸಿಕ್ಕ ಹಾಲು ಒಂದೇ ಪ್ರಮಾಣದ್ದು. ಆದರೂ ನೀವಿಸಿಕೊಂಡ ಶಿಶುಗಳ ತೂಕ ದಿನಕ್ಕೆ ಶೇ. 47ರಷ್ಟು ಹೆಚ್ಚು ಏರಿತು, ಅವು ಆರು ದಿನ ಮೊದಲೇ ಮನೆಗೆ ಹೋದವು. 1992ರಲ್ಲಿ ಫೀಲ್ಡ್ ಮಯಾಮಿ ವಿಶ್ವವಿದ್ಯಾಲಯದಲ್ಲಿ ಸ್ಪರ್ಶದ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಮಸಾಜ್ ಎಂಬುದು ಸುಖದ ಪಟ್ಟಿಯಿಂದ ಎದ್ದು ಆರೋಗ್ಯದ ಪಟ್ಟಿಗೆ ಬಂದು ಕೂತದ್ದರಲ್ಲಿ ಈ ಪುಟ್ಟ ಅಧ್ಯಯನದ ಪಾಲು ದೊಡ್ಡದು.

ಕೂಸಿಗೆ ಎರೆಯುವುದನ್ನು ಕಂಡ ನಮಗೆ ಇದು ಹೊಸ ಸುದ್ದಿಯಲ್ಲ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತ ಅಜ್ಜಿ ಕೂಸನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಾಳೆ. ಬೆಚ್ಚಗಿನ ಎಣ್ಣೆಯನ್ನು ಮೊದಲು ನೆತ್ತಿಗೆ ತಟ್ಟಿ, ಎದೆಯಿಂದ ಹೆಗಲಿಗೆ, ಹೆಗಲಿಂದ ಬೆರಳ ತುದಿಗೆ ನೀವುತ್ತಾಳೆ. ಬಲಗೈಗೆ ಎಡಗಾಲನ್ನು, ಎಡಗೈಗೆ ಬಲಗಾಲನ್ನು ಮುಟ್ಟಿಸುತ್ತಾಳೆ. ಕೊನೆಗೆ ಕೂಸನ್ನು ಬೋರಲು ಹಾಕಿ ಬೆನ್ನು ತಿಕ್ಕುತ್ತಾಳೆ. ಈ ಪದ್ಧತಿಯನ್ನು ನಮ್ಮ ಉಪಖಂಡದ ವೈದ್ಯರೂ ಅಳೆದು ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ 125 ಶಿಶುಗಳನ್ನು ನಾಲ್ಕು ವಾರ ಗಮನಿಸಲಾಯಿತು; ಎಳ್ಳೆಣ್ಣೆ ತಿಕ್ಕಿಸಿಕೊಂಡವುಗಳ ಬೆಳವಣಿಗೆಯೂ ನಿದ್ದೆಯೂ ಚೆನ್ನಾಗಿದ್ದವು. 2005ರಲ್ಲಿ ಮುಂಬೈಯ ವೈದ್ಯರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಖನಿಜ ತೈಲಕ್ಕಿಂತ ಕೊಬ್ಬರಿ ಎಣ್ಣೆ ಮೇಲೆಂದು ಕಂಡುಕೊಂಡರು. ಅದೇ ವರ್ಷ ಬಾಂಗ್ಲಾದೇಶದ ಢಾಕಾದಿಂದ ಬಂದ ವರದಿ ಇನ್ನೂ ಮಹತ್ವದ್ದು: ಸೂರ್ಯಕಾಂತಿ ಎಣ್ಣೆ ಹಚ್ಚಿದ ಅಂಥ ಶಿಶುಗಳಲ್ಲಿ ಆಸ್ಪತ್ರೆಯ ಸೋಂಕು ಶೇ. 41ರಷ್ಟು ಕಡಿಮೆಯಾಗಿತ್ತು. ಬಲಿಯದ ತೆಳುಚರ್ಮಕ್ಕೆ ಎಣ್ಣೆಯೇ ಒಂದು ತಡೆಯಾಗಿ ನಿಂತಿತ್ತು.

ಹಾಗೆಂದು ಅಜ್ಜಿ ಮಾಡಿದ್ದೆಲ್ಲ ಸರಿಯೇನಲ್ಲ. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು, ಕೂಸಿನ ಮೊಲೆ ಹಿಂಡುವುದು, ಮೂಗು ಉದ್ದವಾಗಲೆಂದು ಒತ್ತುವುದು ಅಪಾಯಕರ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಊರೂರಿನಲ್ಲಿ ಬಾಣಂತಿಯ ಮನೆಗೆ ದಿನವೂ ಹೋಗಿ ಎರೆದುಕೊಡುವ ಹೆಂಗಸರಿಗೆ ಇಷ್ಟನ್ನು ತಿಳಿಹೇಳುವ ಕೆಲಸವನ್ನು ಆರೋಗ್ಯ ಇಲಾಖೆ ಶ್ರದ್ಧೆಯಿಂದ ಕೈಗೆತ್ತಿಕೊಳ್ಳಬೇಕು.

ದೊಡ್ಡವರ ಅಭ್ಯಂಜನದ ಹಿಂದೆಯೂ ದೀರ್ಘ ಚರಿತ್ರೆಯಿದೆ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ಅಭ್ಯಂಗವನ್ನು ಚಿಕಿತ್ಸೆಯ ಅಧ್ಯಾಯಕ್ಕಷ್ಟೇ ಬಿಟ್ಟಿಲ್ಲ. ಹಲ್ಲುಜ್ಜುವುದು, ವ್ಯಾಯಾಮ, ಸ್ನಾನಗಳ ಸಾಲಿನಲ್ಲಿ ದಿನಚರಿಗೇ ಸೇರಿಸಿದೆ. ತಲೆ, ಕಿವಿ, ಅಂಗಾಲುಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತದೆ, ಅಜೀರ್ಣವಾದವರಿಗೆ ಬೇಡವೆನ್ನುತ್ತದೆ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನಭೋಗವೆಂಬ ಭಾಗವೇ ಇದ್ದು, ಸುಗಂಧ ತೈಲದ ಅಭ್ಯಂಗ ಅಲ್ಲಿ ಅರಸನ ದಿನದ ಒಂದು ಅಂಗ.

ಅರಸನಿಗೆ ಆಳುಗಳಿದ್ದರು. ಕಾಸಿಲ್ಲದವರ ಮಾಲೀಶು ಎಲ್ಲಿ ಉಳಿಯಿತೆಂದರೆ ಗರಡಿ ಮನೆಗಳಲ್ಲಿ. ಮೈಸೂರಿನ ಗರಡಿಗಳಲ್ಲಿ ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರ ಮೈಯನ್ನೊಬ್ಬರು ತಿಕ್ಕುತ್ತಾರೆ. ಎಳೆಯರು ಉಸ್ತಾದರ ತೊಡೆ, ಬೆನ್ನು, ಹೆಗಲುಗಳನ್ನು ಅಂಗೈ ಬುಡದಿಂದ, ಮೊಣಕೈಯಿಂದ ಒತ್ತುತ್ತಾ ಯಾವ ಸ್ನಾಯು ಎಲ್ಲಿ ಗಂಟು ಕಟ್ಟಿದೆಯೆಂದು ಕಲಿಯುತ್ತಾರೆ. ಇಲ್ಲಿ ಮಾಲೀಶೇ ಪಾಠವೂ ಹೌದು. ಯಾರೂ ಯಾರಿಗೂ ಹಣ ಕೊಡುವುದಿಲ್ಲ, ಕೆಲಸ ತಪ್ಪುವುದೂ ಇಲ್ಲ. ಈ ವಿದ್ಯೆಯ ಜೀವಾಳ ಈ ತಪ್ಪದಿರುವಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಎಣ್ಣೆ ಯಾವುದು, ಶೈಲಿ ಯಾವುದು ಎಂಬುದು ಆಮೇಲಿನ ಮಾತು.

ಯೂರೋಪಿನಲ್ಲಿ ಈ ವಿದ್ಯೆ ಬೇರೆ ಹಾದಿ ಹಿಡಿಯಿತು. ಪಟ್ನಾದಲ್ಲಿ ಹುಟ್ಟಿದ ಸಾಕೆ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನ ಮತ್ತು ಮಾಲೀಶಿನ ಮನೆ ತೆರೆದು ದೊರೆ ನಾಲ್ಕನೆಯ ಜಾರ್ಜ್‌ನ ಆಶ್ರಯ ಪಡೆದ. 1822ರಲ್ಲಿ ಆ ಕುರಿತು ಪುಸ್ತಕವನ್ನೂ ಬರೆದ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ಸ್ಥಾಪಿಸಿದ. ಆಮೇಲೆ ಡಚ್ ವೈದ್ಯ ಯೋಹಾನ್ ಮೆಜ್ಗರ್ ನೀವುವುದು, ಹಿಸುಕುವುದು, ತಟ್ಟುವುದನ್ನು ವಿಂಗಡಿಸಿ ವೈದ್ಯರು ಒಪ್ಪುವಂತೆ ಮಾಡಿದ. ಇವತ್ತು ಸ್ಪಾಗಳಲ್ಲಿ ಸಿಗುವ ಸ್ವೀಡಿಷ್ ಮಸಾಜ್ ಬಹುಮಟ್ಟಿಗೆ ಇವನ ವಿಂಗಡಣೆಯ ಮೇಲೆ ನಿಂತದ್ದು.

1894ರ ಲಂಡನ್ನಿನ ಪ್ರಸಂಗವನ್ನು ಮರೆಯಬಾರದು. ಮಸಾಜಿನ ಹೆಸರಲ್ಲಿ ವೇಶ್ಯಾವಾಟಿಕೆ ನಡೆಯುತ್ತಿದೆಯೆಂದು ಪತ್ರಿಕೆಗಳು ಬರೆದಾಗ ನಾಲ್ವರು ದಾದಿಯರು ಸೇರಿ ತರಬೇತಿ ಪಡೆದ ಮಹಿಳೆಯರ ಸಂಘ ಕಟ್ಟಿದರು. ಪಠ್ಯ, ಪರೀಕ್ಷೆ, ನಡವಳಿಕೆಯ ನಿಯಮಗಳನ್ನು ತಂದರು. ಇವತ್ತಿನ ಬ್ರಿಟನ್ನಿನ ಫಿಸಿಯೊಥೆರಪಿ ಸಂಘ ಹುಟ್ಟಿದ್ದು ಹೀಗೆ. ಆದರೆ ವಿದ್ಯುತ್ ಉಪಕರಣಗಳು ಬಂದಂತೆ ಫಿಸಿಯೊಥೆರಪಿಯಲ್ಲೇ ಮಸಾಜ್ ಮೂಲೆ ಸೇರಿತು. ರೋಗಿಗಳು ಮಲಗುವ ಮುನ್ನ ದಾದಿಯರು ಬೆನ್ನು ನೀವುತ್ತಿದ್ದ ರೂಢಿಯೂ ಆಸ್ಪತ್ರೆಗಳಲ್ಲಿ ಸವೆಯಿತು. ಒಬ್ಬ ರೋಗಿಗೆ ಕಾಲು ಗಂಟೆ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.

ನಮ್ಮ ನಾಡಿನಲ್ಲಿ ಮಸಾಜ್ ಮರಳಿ ಬಂದದ್ದು ಪ್ರಕೃತಿ ಚಿಕಿತ್ಸೆಯ ಬಾಗಿಲಿಂದ. 1979ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾ ಕೇಂದ್ರ ಶುರುವಾಯಿತು. 1989ರಲ್ಲಿ ಉಜಿರೆಯಲ್ಲಿ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ಆರಂಭವಾಗಿ, ಮಸಾಜ್ ಪದವಿ ಓದಿನ ವಿಷಯವಾಯಿತು. ಕೇರಳದ ಪ್ರವಾಸೋದ್ಯಮ ಆಯುರ್ವೇದ ತೈಲಧಾರೆಯನ್ನು ಲೋಕಕ್ಕೆ ಪರಿಚಯಿಸಿತು. ಈಚೆಗೆ ಐಟಿ ಊರುಗಳಲ್ಲಿ ಮೊಬೈಲಿನಲ್ಲಿ ಕರೆದರೆ ಮಸಾಜ್ ಮಾಡುವವರು ಮನೆಗೇ ಬರುತ್ತಾರೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಒಮ್ಮೆ ಹೋಗುವವರ ನಡುವೆ, ತಿಂಗಳಿಗಿಷ್ಟೆಂದು ಹಣ ಕಟ್ಟಿ ವಾರವಾರವೂ ಹೋಗುವವರು ಕಾಣಿಸತೊಡಗಿದ್ದಾರೆ.

ವಾರವಾರವೂ ಹೋಗುವುದರಿಂದ ಫಲವಿದೆಯೇ? 2011ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಚರ್ಕಿನ್ ಮತ್ತು ಸಂಗಡಿಗರು ಬಹುಕಾಲದ ಸೊಂಟನೋವಿದ್ದ 401 ಮಂದಿಯ ಮೇಲೆ ಪರೀಕ್ಷೆ ನಡೆಸಿದರು. ವಾರಕ್ಕೊಂದರಂತೆ ಹತ್ತು ಮಸಾಜ್ ಪಡೆದವರು ಮಾಮೂಲು ಚಿಕಿತ್ಸೆಯಲ್ಲಿದ್ದವರಿಗಿಂತ ಗಣನೀಯವಾಗಿ ಸುಧಾರಿಸಿದರು. ಸ್ನಾಯುಗಳ ಗಂಟು ಹುಡುಕಿ ಒತ್ತುವ ವಿಶೇಷ ವಿಧಾನಕ್ಕೂ ಹಾಯೆನಿಸುವ ಸಾದಾ ವಿಧಾನಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಲಾಭ ಬಹುಪಾಲು ಕರಗಿತ್ತು. 2014ರಲ್ಲಿ ಕುತ್ತಿಗೆನೋವಿನ 228 ಮಂದಿಯಲ್ಲಿ ಮಸಾಜಿನ ಪ್ರಮಾಣವನ್ನೇ ಅಳೆದರು. ಅರ್ಧ ಗಂಟೆಯ ಮಸಾಜ್ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಒಂದು ಗಂಟೆಯದ್ದನ್ನು ವಾರಕ್ಕೆ ಎರಡು ಮೂರು ಸಲ ಪಡೆದವರಿಗೆ ಹೆಚ್ಚು ಅನುಕೂಲವಾಯಿತು. ಮೊಣಕಾಲು ಸವೆದ 222 ಮಂದಿಯ ಇನ್ನೊಂದು ಅಧ್ಯಯನ ಉತ್ಸಾಹಕ್ಕೆ ತುಸು ಕಡಿವಾಣ ಹಾಕುತ್ತದೆ. ಎಂಟು ವಾರಗಳ ಮಸಾಜಿನಿಂದ ನೋವೇನೋ ಇಳಿಯಿತು. ಆದರೆ ವರ್ಷದ ಕೊನೆಗೆ, ಎರಡು ವಾರಕ್ಕೊಮ್ಮೆ ಮುಂದುವರಿಸಿದವರಿಗೂ ಉಳಿದವರಿಗೂ ಖಚಿತ ಅಂತರ ಕಾಣಲಿಲ್ಲ.

ಸ್ನಾಯುವಿನ ಒಳಗೆ ನಡೆಯುವುದೇನು ಎಂಬುದಕ್ಕೆ 2012ರ ಕೆನಡಾದ ಪ್ರಯೋಗ ಸುಳಿವು ಕೊಟ್ಟಿತು. ದಣಿಯುವಂತೆ ಸೈಕಲ್ ತುಳಿದ 11 ಯುವಕರ ಒಂದು ಕಾಲಿಗೆ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ಕಾಲುಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ದಣಿದ ಸ್ನಾಯುವಿನಲ್ಲಿ ಕೂಡಿಕೊಳ್ಳುವ ಲ್ಯಾಕ್ಟೇಟ್‌ನ ಪ್ರಮಾಣ ಮಾತ್ರ ಹಾಗೇ ಇತ್ತು. ಮಸಾಜಿನಿಂದ ಮೈಯ ವಿಷ ಹೊರಹೋಗುತ್ತದೆ ಎಂಬ ಜಾಹೀರಾತಿನ ಮಾತಿಗೆ ಆಧಾರವಿಲ್ಲ. ನೋವು ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ, ನಿದ್ದೆ ಹತ್ತುತ್ತದೆ. ಇಷ್ಟೇ ಸಾಕಾದಷ್ಟು ದೊಡ್ಡ ಉಪಕಾರ.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಜ್ವರವಿದ್ದರೆ, ಮೂಳೆ ಮುರಿದಿದ್ದರೆ, ಚರ್ಮಕ್ಕೆ ಸೋಂಕಾಗಿದ್ದರೆ ಮಸಾಜ್ ಕೂಡದು. ಕ್ಷೌರದಂಗಡಿಯಲ್ಲಿ ಕತ್ತನ್ನು ತಟ್ಟನೆ ತಿರುಗಿಸಿ ಲಟಕ್ಕೆನ್ನಿಸುವ ಚಟವಂತೂ ನಿಲ್ಲಲೇಬೇಕು. ಮಿದುಳಿಗೆ ಹೋಗುವ ರಕ್ತನಾಳ ಹರಿದರೆ ಪಾರ್ಶ್ವವಾಯು ಆಗಬಹುದು.

ಇಷ್ಟೆಲ್ಲ ಬೆಳೆದ ಕ್ಷೇತ್ರದಲ್ಲಿ ತೀರ ಹಿಂದುಳಿದಿರುವುದು ಕೆಲಸ ಮಾಡುವವರ ಸ್ಥಿತಿ. ಜಪಾನಿನಲ್ಲಿ ಹದಿನೇಳನೆಯ ಶತಮಾನದಲ್ಲೇ, ಸ್ವತಃ ದೃಷ್ಟಿಯಿಲ್ಲದ ಸುಗಿಯಾಮ ವಾಯಿಚಿ ಅಂಧರಿಗಾಗಿ ಸೂಜಿಚಿಕಿತ್ಸೆ ಮತ್ತು ಅಂಗಮರ್ದನದ ಶಾಲೆ ತೆರೆದು ಅದನ್ನು ಗೌರವದ ಕಸುಬಾಗಿಸಿದ. ನಮ್ಮಲ್ಲಿ ಸ್ಪಾದಲ್ಲಿ ಕೆಲಸ ಮಾಡುತ್ತೇನೆಂದು ಊರಲ್ಲಿ ಹೇಳಿಕೊಳ್ಳಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ದಿನವಿಡೀ ಒತ್ತಿ ಒತ್ತಿ ಅವರ ಹೆಬ್ಬೆರಳ ಕೀಲು, ಮಣಿಕಟ್ಟು, ಸೊಂಟಗಳೇ ಸೋಲುತ್ತವೆ. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ, ಎರಡು ಸರದಿಗಳ ನಡುವೆ ವಿರಾಮ, ಮಾನ್ಯತೆಯುಳ್ಳ ತರಬೇತಿ, ಅಸಭ್ಯವಾಗಿ ನಡೆದುಕೊಳ್ಳುವ ಗಿರಾಕಿಯನ್ನು ಹೊರಗೆ ಕಳಿಸುವ ಹಕ್ಕು ಅವರಿಗೆ ಸಿಗಬೇಕು. ಮುಂದಿನ ಸಲ ಮಸಾಜಿಗೆ ಹೋದಾಗ, ನಮ್ಮ ಬೆನ್ನು ಒತ್ತುತ್ತಿರುವವರಿಗೆ ಆ ದಿನ ಅದು ಎಷ್ಟನೆಯ ಸರದಿಯೆಂದು ಕೇಳೋಣ.