ಹರಿಹರದ ದಂಡು

ತುಂಗಭದ್ರೆಯ ದಂಡೆಯ ಹರಿಹರವು ಮೈಸೂರು ಸಂಸ್ಥಾನದ ಉತ್ತರದ ಗಡಿಯೂರಾಗಿದ್ದು, ಹೊಳೆಯಾಚೆಗಿನ ನಾಡು 1818ರವರೆಗೆ ಮರಾಠರ ಪೇಶ್ವೆಯ ಆಳ್ವಿಕೆಗೆ ಸೇರಿದ್ದುದರಿಂದ ಸೇನೆಯ ಪಾಲಿಗೆ ಆಯಕಟ್ಟಿನ ಸ್ಥಳವಾಗಿತ್ತು. 1803ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸಿನ ಸೈನ್ಯ ಇಲ್ಲಿ ಜಮಾಯಿಸಿತು. ಇಲ್ಲಿಂದ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಪುಣೆಯತ್ತ ಹೊರಟಾಗ ಮೈಸೂರಿನ ದಿವಾನ್ ಪೂರ್ಣಯ್ಯನವರು ಒದಗಿಸಿದ ಸಿಲ್ಲೇದಾರರು, ಎಂದರೆ ಕುದುರೆ, ಆಯುಧಗಳನ್ನು ತಾವೇ ತಂದು ಸಂಬಳಕ್ಕೆ ದುಡಿಯುವ ಸವಾರರು, ಜೊತೆಗಿದ್ದರು. ಸರಕು ಸಾಗಣೆಗೆ ಎತ್ತುಗಳೂ ಹೊಳೆ ದಾಟಲು ಚರ್ಮ ಹೊದಿಸಿದ ಬಿದಿರಿನ ಹರಿಗೋಲುಗಳೂ ಬೇಕಾಗಿದ್ದವು. ಇವು ಸಕಾಲಕ್ಕೆ ಸಿಗದಿದ್ದರೆ ಫಿರಂಗಿಗಳು ದಡದಲ್ಲೇ ಉಳಿಯಬೇಕಾಗುತ್ತಿತ್ತು.

ಊರಿನ ವಾಯುವ್ಯಕ್ಕೆ ಎರಡು ಮೈಲಿ ದೂರದ ದಂಡಿನಲ್ಲಿ, ಅಂದರೆ ಸೇನೆಯ ಕಾಯಂ ಬಿಡಾರದಲ್ಲಿ, ದೇಶೀ ಕಾಲಾಳುಗಳ ಒಂದು ರೆಜಿಮೆಂಟು ನೆಲೆಸಿತ್ತು. ಅದರ ದಳಪತಿ ಮದರಾಸಿನ ಸೇನಾಧಿಪತಿಯ ಅಧೀನನೇ ಹೊರತು ಮೈಸೂರಿನ ಅರಸರ ಅಧೀನನಲ್ಲ. ದರಬಾರಿನೊಡನೆ ವ್ಯವಹರಿಸುವ ಕೆಲಸ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟನದು. ಇಂಥ ಸೈನ್ಯದ ಖರ್ಚಿಗೆಂದು 1799ರ ಸಹಾಯಕ ಸೈನ್ಯದ ಒಪ್ಪಂದದಂತೆ ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ಪಗೋಡ (ಚಿನ್ನದ ನಾಣ್ಯ) ತೆರುತ್ತಿತ್ತು: ಹಣ ಒಬ್ಬರದು, ಹುಕುಂ ಇನ್ನೊಬ್ಬರದು. ಎತ್ತುಗಳ ತಳಿ ಕಾಯುತ್ತಿದ್ದ ಅಮೃತಮಹಲು ಇಲಾಖೆಯನ್ನೂ ಕಂಪನಿಯ ಸೇನೆಯೇ ಮುಂದೆ ವಹಿಸಿಕೊಂಡಿತು.

1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ವಶವಾಗಿ ಗಡಿಯ ಅರ್ಥವೇ ಕಳೆದರೂ ದಂಡು 1865ರವರೆಗೆ ಉಳಿಯಿತು. ಬೆಂಗಳೂರು–ಪುಣೆ ರಸ್ತೆಯ ಸೇತುವೆ ಇಲ್ಲಿ ಪೂರ್ಣಗೊಂಡದ್ದು 1868ರಲ್ಲಿ.